ಹತ್ತು ಎಮ್ಮೆಲ್

ತೋಳಿಗೆ ರಬ್ಬರು ಕಟ್ಟಿ, ಮುಷ್ಟಿ ಹಿಡಿಯಿರಿ ಅಂದಳು
ನಾಪೋಕ್ಲಿನ ಹುಡುಗಿ ಶಾಕಿರಾ.
ಹಿಡಿದೆ.
ಮಡಿಕೇರಿ, ಮಾರ್ಚ್ ತಿಂಗಳು, ಆಸ್ಪತ್ರೆಯ ಕಿಟಕಿಯಾಚೆ
ಇನ್ನೂ ಏಳದ ಮಂಜು, ಅದರೊಳಗೆಲ್ಲೋ ಒಂದು ಜೀಪಿನ ಹಾರ್ನು.
ಹತ್ತು ಎಮ್ಮೆಲ್ ಸಾಕು ರೈಟರೇ,
ಎರಡು ಚಮಚ.

ಮೂವತ್ತೊಂದು ವರ್ಷ ನಾನು ಎಸ್ಟೇಟಿನಲ್ಲಿ ರೈಟರು,
ಸುಂಟಿಕೊಪ್ಪದಿಂದ ಎಂಟು ಮೈಲಿ ಒಳಗೆ.
ಹಾಜರಿ ಬರೆದೆ, ಚೀಲ ಎಣಿಸಿದೆ,
ವರ್ಷಕ್ಕೆರಡು ಸಲ ಅರೇಬಿಕಾದ ಸಾಲು ಹಿಡಿದು
ಕಾಂಡಕೊರಕ ಹುಡುಕಿದೆ.
ಅದಕ್ಕೆ ಕಣ್ಣು ಸಾಲದು. ಎಲೆ ಹಸಿರೇ ಇರುತ್ತದೆ,
ಹೂವೂ ಬಿಟ್ಟಿರುತ್ತದೆ.
ಬೆರಳು ಬೇಕು. ತೊಗಟೆ ಸವರಿದರೆ
ಒಂದು ಏಣು, ಚರ್ಮದಡಿ ಹಗ್ಗ ಹೂತ ಹಾಗೆ.
ಒಳಗೆ ಹುಳ ಕೊರೆಯುತ್ತ, ಕೊರೆದ ಪುಡಿಯನ್ನು
ಬೆನ್ನ ಹಿಂದೆಯೇ ಗಟ್ಟಿಯಾಗಿ ಜಡಿಯುತ್ತ ಹೋಗುತ್ತದೆ,
ಹೊರಗೊಂದು ಕಣ ಬೀಳದಂತೆ.
ಕಿತ್ತು ಸುಡುವುದು. ಬೇರೆ ದಾರಿಯಿಲ್ಲ.

ಅಂಥ ನಾನು
ನನ್ನದೇ ರಕ್ತವನ್ನು ಒಂದೂವರೆ ವರ್ಷ
ಮೂಲವ್ಯಾಧಿ ಅಂದುಕೊಂಡೆ.
ದಮಯಂತಿ ಮಜ್ಜಿಗೆ ಕೊಟ್ಟಳು, ಮೂಲಂಗಿ ಕೊಟ್ಟಳು,
ಪಂದಿಕರಿ ಬಿಡಿಸಿದಳು.
ಕೊನೆಗೆ ಕ್ಯಾಮೆರಾ ಇಳಿಸಿದವರು
ದೊಡ್ಡ ಕರುಳಿನ ತಿರುವಿನಲ್ಲಿ ಕಂಡರು.
ಒಂದು ಗೇಣು ಕತ್ತರಿಸಿದರು.

ಇದು ಆಮೇಲಿನದು. ಒಂದು ಅಧ್ಯಯನವಂತೆ.
ಸಹಿ ಹಾಕುವ ಮುಂಚೆ ಕೇಳಿದೆ, ರಕ್ತದಲ್ಲಿ ಏನು ಹುಡುಕುತ್ತೀರಿ?
ಪೊಟ್ಟಣ, ಅಂದಳು.
ಮೈಯ ಪ್ರತಿ ಕೋಶವೂ ತನ್ನ ತೊಗಲನ್ನೇ ಚಿವುಟಿ
ಸಣ್ಣ ಪೊಟ್ಟಣ ಕಟ್ಟಿ ಹೊರಗೆ ಬಿಡುತ್ತದಂತೆ.
ಒಳಗೆ ಒಂದಿಷ್ಟು ಪ್ರೋಟೀನು, ಒಂದು ಚೂರು ಬರಹ.
ಸಾವಿರ ಪೊಟ್ಟಣ ಸಾಲಾಗಿಟ್ಟರೆ ಒಂದು ಕೂದಲಿನ ದಪ್ಪ.
ಒಳ್ಳೆಯ ಕೋಶವೂ ಕಳಿಸುತ್ತದಾ?
ಎಲ್ಲವೂ ಕಳಿಸುತ್ತವೆ ರೈಟರೇ. ಮೇಲಿನಿಂದ ಎಲ್ಲ ಒಂದೇ ಥರ.
ಬಿಚ್ಚಿದರೇನೇ ಗೊತ್ತು.

ಅಂದರೆ ಇದು ನಮ್ಮ ಹುಳಕ್ಕಿಂತ ಬಾಯಿಬಡುಕ.
ಸುರಂಗದಲ್ಲಿ ಕೂತು ಊರಿಗೆಲ್ಲ ಕಾಗದ ಹಾಕುತ್ತದೆ.
ಯಕೃತ್ತಿಗೂ ಹಾಕುತ್ತದಂತೆ, ತಾನು ಹೊರಡುವ ಮೊದಲೇ:
ಬರುತ್ತಿದ್ದೇವೆ, ಜಾಗ ಮಾಡಿಡಿ.
ಇದು ನನಗೆ ಚೆನ್ನಾಗಿ ಅರ್ಥವಾಯಿತು.
ಕೊಯ್ಲಿಗೆ ಮುಂಚೆ ಮೇಸ್ತ್ರಿಯ ಫೋನು ಬಂದರೆ
ನಾನೇ ಅಲ್ಲವೇ ಲೈನ್ ಮನೆ ಗುಡಿಸಿ,
ಹಂಚು ಸರಿಮಾಡಿ, ನಲ್ಲಿ ತಿರುಗಿಸಿ ನೋಡಿ,
ಯಾರು ಬರುತ್ತಾರೆಂದು ಕೇಳದೆ
ಬಾಗಿಲು ತೆರೆದಿಡುತ್ತಿದ್ದವನು.

ಇನ್ನೊಂದು ಹೇಳಿದಳು, ಸೂಜಿ ತೆಗೆದು ಹತ್ತಿ ಒತ್ತುತ್ತ.
ಅದೇ ಪೊಟ್ಟಣಕ್ಕೆ ಮದ್ದು ತುಂಬಿ ಕಳಿಸಿದರೆ
ರೋಗದ ಕೋಶ ಮನೆಯದೇ ಕಾಗದವೆಂದು
ಒಳಗೆ ಕರೆದುಕೊಳ್ಳಬಹುದಂತೆ.
ನಾವೂ ಮಾಡಿದ್ದೇವೆ ಅಂದೆ,
ಗಂಡು ದುಂಬಿಯ ವಾಸನೆ ತೂಗಿಬಿಟ್ಟು
ಹೆಣ್ಣನ್ನು ಅಂಟಿನ ಬಲೆಗೆ ಕರೆದಿದ್ದೇವೆ.
ಆಗುತ್ತದಾ ಇದು?
ಇಲಿಗಳಲ್ಲಿ ಸ್ವಲ್ಪ ಆಗಿದೆ.
ನಿಮ್ಮಲ್ಲಿ ಇನ್ನೂ ಇಲ್ಲ, ಅಂದಳು. ಸುಳ್ಳು ಸೇರಿಸಲಿಲ್ಲ.

ಟ್ಯೂಬಿನ ಮೇಲೆ ನನ್ನ ಹೆಸರಿಲ್ಲ.
ಎಷ್ಟು ಸಾವಿರ ಹೆಸರು ಬರೆದ ಕೈ ಇದು,
ಪಳಂಗಪ್ಪ ಎಂಬ ಒಂದು ಹೆಸರು ಬೇಡವಾಯಿತು,
ಕೆ-೧೧೭ ಅಷ್ಟೇ. ಐಸಿನ ಡಬ್ಬಿ, ಮಧ್ಯಾಹ್ನದ ಬಸ್ಸು, ಮೈಸೂರು.
ಉತ್ತರ ಯಾವಾಗ?
ನಿಮಗೆ ಅಂತ ಉತ್ತರ ಬರುವುದಿಲ್ಲ, ಅಂದಳು,
ನಿಮ್ಮಂಥವರ ಇನ್ನೂರು ಟ್ಯೂಬು ಸೇರಿದ ಮೇಲೆ
ಎಲ್ಲರಿಗೂ ಸೇರಿ ಒಂದು, ಬಂದರೆ.

ಮರುದಿನ ಹದಿನಾಲ್ಕನೇ ಸಾಲಿನಲ್ಲಿದ್ದೆ.
ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು, ಬಗ್ಗಲಾರದೆ ಕೂತೇ ಸವರಿದೆ.
ಒಂಬತ್ತನೇ ಗಿಡ. ಎಲೆ ಹಸಿರು.
ಹೂ ಬಿಟ್ಟಿತ್ತು, ಜೇನು ಕೂತಿತ್ತು.
ಬೆರಳಿಗೆ ಏಣು ಸಿಕ್ಕಿತು.
ಚೋಮಿ ಹಾರೆ ಹಿಡಿದು ನಿಂತಿದ್ದಳು, ಕೀಳಲಾ ಅಂತ.
ಇರು, ಅಂದೆ.
ಯಾಕೆ ಅಂದಳು.
ಜೇನು ಎದ್ದು ಹೋಗಲಿ.